ಎದ್ದು ಕುಂತು ಚಾ ಕೇಳಿದವರು

ಪುಸ್ತಕ ಓದೂದು ಅಂದ್ರ ಒಂದು ಮೂಲ್ಯಾಗ ಸುಮ್ಮ ಕುಂತು ಮಾಡೂ ಕೆಲಸ, ಅದರಿಂದ ಯಾರಿಗೂ ತ್ರಾಸಿಲ್ಲ ಅಂತ ತಿಳಕೊಂಡಾಕಿ ನಾನು. ಹೋದ ಉಗಾದಿಯಿಂದ ಈ ಉಗಾದಿ ತನಕಾ ಒಂದು ವರ್ಷ ಓದಿದ ಮ್ಯಾಲೆ ಹೇಳತೀನಿ, ಕೇಳ್ರಿ: ನಮ್ಮ ಗದಗ ಸೀಮ್ಯಾಗ ಒಂದು ಸಣ್ಣ ಪುಸ್ತಕ ಕೈಯಾಗ ಹಿಡಕೊಂಡು ಹೊರಗ ಬಿದ್ರ ಸಾಕು, ಏನರೆ ಒಂದು ಆಗೇ ಆಗತೈತಿ. ಆಗಲಿಲ್ಲಂದ್ರ ಆ ಪುಸ್ತಕದಾಗ ಏನೋ ಖೋಟ ಐತಿ ಅಂತ ತಿಳೀರಿ.

ಬೆಟಗೇರಿ ಕನ್ನಡ ಶಾಲ್ಯಾಗ ಲೆಕ್ಕಾ ಕಲಿಸಿ ರಿಟೈರ್ ಆದ ಅಕ್ಕೋರು ನಾನು. ಸಿಟ್ಟು ಮೂಗಿನ ತುದಿಗೇ ಇರತೈತಿ. ಹುಡುಗರು ಬೆನ್ನ ಹಿಂದ "ಮೈನಸ್ ಅಕ್ಕೋರು" ಅಂತಿದ್ರು, ನನಗ ಗೊತ್ತಿಲ್ಲಂತ ತಿಳಕೊಂಡಿದ್ರು. ಲೆಕ್ಕಾ ಬಿಟ್ರ ಬ್ಯಾರೆ ಪುಸ್ತಕ ಮುಟ್ಟಿದಾಕಿ ಅಲ್ಲ. ಅಂಥಾಕಿ ಕತಿ ಪುಸ್ತಕ ಹಿಡದದ್ದು ನಮ್ಮಕ್ಕನ ಸಲುವಾಗಿ.

ಹೋಗೂದಷ್ಟೋ, ಹೋಗಿ ಬರೂದೋ?

ನಮ್ಮಕ್ಕ ಲಕ್ಷ್ಮೇಶ್ವರದಾಗ ಇರತಾಳ, ಮಗಾ-ಸೊಸಿ ಜೋಡಿ. ಏಳನೇತ್ತಾ ಮುಗಿಯೂದ್ರಾಗ ಮದವಿ ಆದಾಕಿ. ಆದ್ರ ನಮ್ಮ ಮನ್ಯಾಗ ಓದೂ ಹುಚ್ಚು ಇದ್ದದ್ದು ಅಕಿ ಒಬ್ಬಾಕಿಗೇ. ನಾವು ಸಣ್ಣವರಿದ್ದಾಗ ಕಿರಾಣಿ ಅಂಗಡ್ಯಾಗ ಸಕ್ಕರಿ, ಬ್ಯಾಳಿ ಎಲ್ಲಾ ಹಳೇ ಹಾಳ್ಯಾಗ ಕಟ್ಟಿ ಕೊಡತಿದ್ರು. ಅಕ್ಕ ಆ ಹಾಳಿ ಬಿಚ್ಚಿ, ಝಾಡಿಸಿ, ಅದರಾಗಿನ ಕತಿ ನನಗ ಓದಿ ಹೇಳಾಕಿ. ಹಾಳಿ ಅರ್ಧಾಕ್ಕ ಹರದಿರತಿತ್ತು. ನಾ "ಮುಂದ?" ಅಂತಿದ್ದೆ. ಅಕಿ ಒಂದೀಟೂ ತಡೀದ ಮುಂದಿಂದು ತಾನ ಕಟ್ಟಿ ಹೇಳಾಕಿ. ಕತಿ ರಾಜಾಂದಿರಲಿ, ಕಳ್ಳಂದಿರಲಿ, ಅಕಿ ಕಟ್ಟಿದ ಕೊನಿ ಮಾತ್ರ ಒಂದ: "ಎಲ್ಲಾರೂ ಮನಿಗೆ ಬಂದು, ಮಜ್ಜಿಗಿ ಕುಡದು, ಮಲಕ್ಕೊಂಡ್ರು." ಅಕ್ಕನ ಕತ್ಯಾಗ ಒಬ್ಬರೂ ಸಾಯತಿದ್ದಿಲ್ಲ. ಹುಲಿ ಬಾಯಾಗ ಹೋದಾವನೂ ಮಜ್ಜಿಗಿ ಹೊತ್ತಿಗೆ ಮನಿಗೆ ಬರತಿದ್ದ. ಈಗೂ ಸಕ್ಕರಿ ವಾಸನಿ ಬಡದ್ರ ನನಗ ಆ ಕತಿ ನೆಪ್ಪಾಗತಾವ.

ಅಂಥಾ ಅಕ್ಕನ ಒಂದು ಕಣ್ಣು ಸಕ್ಕರಿ ಬ್ಯಾನಿ ತಿಂದು ಹಾಕಿತು. ಆಪರೇಶನ್ ಮಾಡಿಸಿದ್ರು, ತಡಾ ಆಗಿತ್ತು, ಹತ್ತಲಿಲ್ಲ. ಇನ್ನೊಂದಕ್ಕ ಪೊರಿ ಬಂದಿತ್ತು. "ಇದನ್ನ ತಗಸ್ರಿ, ಓದೂ ಹಂಗ ಆಗತೈತಿ. ಆದ್ರ ಭಾಳ ದಿನಾ ಬಿಡಬ್ಯಾಡ್ರಿ," ಅಂದ್ರು ಡಾಕ್ಟ್ರು. ಅಕ್ಕ ಸುತರಾಂ ಒಲ್ಲೆ ಅಂದ್ಲು.

"ಒಮ್ಮಿ ನಂಬಿ ಒಂದು ಕಳಕೊಂಡೀನಿ. ಇದರಾಗ ಬೆಳಕು-ನೆರಳರೆ ಕಾಣತೈತಿ. ಇದೂ ಹೋದ್ರ?"

ತನ್ನ ಪುಸ್ತಕ ಎಲ್ಲಾ ಮಂದಿಗೆ ಹಂಚಿ, ಗ್ವಾಡಿ ಕಡೆ ಮಾರಿ ಮಾಡಿ ಕುಂತ್ಲು. ಬೈದೆ, ಅತ್ತೆ, ಮಾತು ಬಿಟ್ಟೆ. ಅಲುಗಲಿಲ್ಲ. ಆವಾಗ ನನಗ ಹೊಳೀತು: ಉಣ್ಣಲಾರೆ ಅಂತ ಹಟಾ ಹಿಡದವರ ಮುಂದ ಒಗ್ಗರಣಿ ಹಾಕಬೇಕು. ಆಗಾಗ ಹೋಗಿ ಒಂದೊಂದು ಪುಸ್ತಕ ಓದಿ ಹೇಳೂದು. ಓದೂ ಹಸಿವಿ ಹೊಳ್ಳಿ ಹುಟ್ಟಿದ್ರ ತಾನ ಕಣ್ಣು ಮಾಡಿಸ್ಕೋತಾಳ. ದಪ್ಪನ್ನ ಕಾದಂಬರಿ ಒಂದ ದಿನಕ್ಕ ಮುಗಿಯೂದಿಲ್ಲ, ಹಂಗಾಗಿ ಕಿರುಕಾದಂಬರಿ. ನಡಕ ನಡಕ ಖರೇ ಸಂಗತಿ ಬರದ ಪುಸ್ತಕ.

ಗದಗದಾಗ ಲೈಬ್ರರಿಗೆ ಹೋದೆ. ಅಲ್ಲಿ ಕುಂತ ಮನಶ್ಯಾ ಭಾರಿ ಸಾವಕಾಶದವ.

"ಸಣ್ಣ ಕಾದಂಬರಿ ಬೇಕಾಗಿತ್ರಿ," ಅಂದೆ.

"ಎಷ್ಟು ಸಣ್ಣದ್ರಿ?"

"ಲಕ್ಷ್ಮೇಶ್ವರ ತನಕಾ ಆಗೂವಷ್ಟು."

ಅಂವಾ ನಗಲಿಲ್ಲ. ಕಪಾಟಿನ ಮುಂದ ನಿಂತು ಒಂದೊಂದ ಪುಸ್ತಕ ಕೈಯಾಗ ತೂಗಿ ನೋಡಿದ. ಆಮ್ಯಾಲೆ ತಿರುಗಿ ಕೇಳಿದ:

"ಹೋಗೂದಷ್ಟೋ, ಹೋಗಿ ಬರೂದೋ?"

ಶಿರಹಟ್ಟಿಗೆ ಇಳಿದ ಯಜಮಾನ್ರು

ಮದಲನೇ ಸಲ ಅಂವಾ ತೂಗಿ ಕೊಟ್ಟದ್ದು ಪತ್ತೇದಾರಿ ಪುಸ್ತಕ. ಶಿರಹಟ್ಟಿ ಮ್ಯಾಲೆ ಲಕ್ಷ್ಮೇಶ್ವರಕ್ಕ ಹೋಗೂ ಬಸ್ಸು ಹತ್ತಿದೆ. ಅಕ್ಕಗ ಓದೂಕಿಂತ ಮದ್ಲ ನಾ ಒಮ್ಮಿ ಕಣ್ಣಾಡಿಸೂಣು ಅಂತ ತಗದೆ. ಬಾಜೂಕ ಹರ್ತಿ ಊರಿನ ಒಬ್ಬ ಯಜಮಾನ್ರು ಕುಂತಿದ್ರು, ತಲಿಗೆ ಪಟಗಾ, ತೊಡಿ ಮ್ಯಾಲೆ ಒಂದು ಚೀಲ ಹಸಿ ಶೇಂಗಾ. ಶಿರಹಟ್ಟಿಗೆ ಮಗಳ ಮನಿಗೆ ಹೊಂಟಿದ್ರು.

"ಏನ್ ಓದಾಕತ್ತೀಯವ್ವಾ?"

"ಕಳವಿನ ಕತಿ ರೀ. ಗೌಡ್ರ ಮನ್ಯಾಗ ಬಂಗಾರದ ಸರಾ ಹೋಗೈತಿ."

"ಹೌದಾ! ಸಂಶೇ ಯಾರ ಮ್ಯಾಲೈತಿ?"

"ಇನ್ನೂ ಗೊತ್ತಾಗಿಲ್ಲರಿ."

"ಒಂದೀಟು ಬಾಯಿ ಬಿಟ್ಟು ಓದಬಾರದೇನು? ಹಾದೀನರೆ ಸರದೀತು."

ಜೀವಮಾನ ಎಲ್ಲಾ ಹುಡುಗರ ಮುಂದ ಒದರಿದ ಗಂಟಲ ನಂದು, ಮೆಲ್ಲಕ ಬಾ ಅಂದ್ರ ಬರೂದಿಲ್ಲ. ಸ್ವಲ್ಪ ಹೊತ್ತಿಗೆ ಮುಂದಿನ ಸೀಟಿನವರು ಹೊಳ್ಳಿ ಕುಂತ್ರು. ಆಮ್ಯಾಲೆ ಕಂಡಕ್ಟರ್ ಬಂದ. ಬೈತಾನ ಅಂತ ಮಾಡಿದ್ದೆ. "ಅಕ್ಕೋರ, ಹಿಂದ ಕುಂತವರಿಗೆ ಕೇಳಸವಲ್ದಂತ. ನಡಕಿನ ಸೀಟಿಗೆ ಬರ್ರಿ," ಅಂದ. ಬಸ್ಸಿನ್ಯಾಗ ಎರಡು ಪಾರ್ಟಿ ಆದೂವು. ಹೆಣ್ಣಮಕ್ಕಳೆಲ್ಲಾ ಮನಿ ಅಳಿಯಾನ ಕಳ್ಳ ಅಂದ್ರು, ಗಂಡಸ್ರೆಲ್ಲಾ ಅಡಗಿ ಮಾಡಾಕಿ ಅಂದ್ರು. ಡ್ರೈವರ್ ಮುಂದ ನೋಡಕೋತನ "ಅಳಿಯಾ ಅಂದ್ರ ಅಳಿಯಾನರಿ, ನಮ್ಮ ಮನ್ಯಾಗೂ ಒಬ್ಬಾಂವ ಅದಾನ," ಅಂದ.

ಅಷ್ಟರಾಗ ಶಿರಹಟ್ಟಿ ಬಂತು. ಯಜಮಾನ್ರು ಚೀಲ ಹೆಗಲಿಗೇರಿಸಿ ಬಾಗಲದಾಗ ನಿಂತ್ರು. ಇಳಿಯವಲ್ರು.

"ಮಗಳು ಉಣ್ಣಾಕ ದಾರಿ ಕಾಯತಿರತಾಳವ್ವಾ. ಕಳ್ಳ ಯಾರಂತ ಹೇಳಿಬಿಡು, ಇಲ್ಲಂದ್ರ ನನಗ ತುತ್ತು ಗಂಟಲದಾಗ ಇಳಿಯೂದಿಲ್ಲ."

ಪಾಪ ಅನಿಸಿತು. ಜಲ್ದಿ ಜಲ್ದಿ ಕಡೀ ಹಾಳಿ ತಗದು ನೋಡಿದೆ. ಅವರು ಇಳದು ನಿಂತಿದ್ರು, ಬಸ್ಸು ಬಿಡೂದರಾಗಿತ್ತು. ಕಿಡಿಕ್ಯಾಗ ಮಾರಿ ಹಾಕಿ ಒದರಿದೆ: "ಯಜಮಾನ್ರ, ಕದ್ದಾಕಿ ಗೌಡ್ತೀನ ರೀ!"

"ಹಂಗನ್ನವ್ವಾ ಮತ್ತ!" ಅಂತ ಅವರು ಸಮಾಧಾನಲೇ ಹೋದ್ರು. ಹೊಳ್ಳಿ ನೋಡತೀನಿ, ಬಸ್ಸಿಗೆ ಬಸ್ಸ ನನ್ನ ಮಾರೀನ ನೋಡಾಕತ್ತೈತಿ. ಹಿಂದಿನ ಸೀಟಿನಿಂದ ಒಬ್ಬಾಕಿ ಅಂದ್ಲು:

"ಅವರದು ಶಿರಹಟ್ಟಿ ಟಿಕೀಟ್ರಿ ಅಕ್ಕೋರ. ನಮ್ಮದು ಲಕ್ಷ್ಮೇಶ್ವರ ತನಕಾ ಇತ್ತಲ್ರಿ!"

ಪುಸ್ತಕಕ್ಕ ಕುಬಸ

ಅಕ್ಕ ಮದ್ಲ "ಓದೂದೂ ಬ್ಯಾಡ ಏನೂ ಬ್ಯಾಡ, ಸುಮ್ಮ ಕುಂಡ್ರು," ಅಂದ್ಲು. ನಾ ಕೇಳೂದಿಲ್ಲ. ಪಡಸಾಲ್ಯಾಗ ಕುಂತು ಗ್ವಾಡಿಗೇ ಓದಿ ಹೇಳಿದಂಗ ಶುರು ಮಾಡಿದೆ. ನನ್ನ ದನಿ ಓಣಿಗೆ ಹೋತು. ಎದುರುಮನಿ ದೊಡ್ಡವ್ವ ಬಂದ್ಲು, ಹಿಂದ ನಾಕು ಮಂದಿ ಹೆಣ್ಣಮಕ್ಕಳು.

ಈ ದೊಡ್ಡವ್ವನ ಬಗ್ಗೆ ಹೇಳಬೇಕು. ಶ್ರಾವಣದಾಗ ಮಠದಾಗ ಪುರಾಣ ಹಚ್ಚತಾರಲ್ಲ, ಒಂದು ದಿನಾ ತಪ್ಪಿಸಿದಾಕಿ ಅಲ್ಲ. ನಮ್ಮ ಕಡೆ ಪುರಾಣ ಅಂದ್ರ ಸುಮ್ಮ ಕೇಳಿ ಎದ್ದು ಬರೂದಲ್ಲ. ಪುರಾಣದಾಗ ಕೂಸು ಹುಟ್ಟಿದ ದಿನಾ ಹೆಣ್ಣಮಕ್ಕಳು ಖರೇನ ತೊಟ್ಟಲಾ ತಂದು ಕಟ್ಟಿ, ಜೋಗುಳಾ ಹಾಡಿ, ಗುಗ್ಗರಿ ಹಂಚತಾರ. ಮದವಿ ಬಂತಂದ್ರ ಅಕ್ಕಿಕಾಳು ಹಾಕಿ ಊಟಾ ಹಾಕಸತಾರ. ದೊಡ್ಡವ್ವಗ ಓದೂದು ಅಂದ್ರ ಇದ.

ಎರಡನೇ ಪುಸ್ತಕ ಒಂದು ತಬ್ಬಲಿ ಹುಡುಗೀದು. ಗಂಡಾ ದುಡಿಯಾಕ ದೂರ ಹೋಗ್ಯಾನ, ಹುಡುಗಿ ಬಸುರಿ, ತವರಂತ ಹೇಳ್ಕೊಳ್ಳಾಕ ಒಂದು ನಾಯಿನೂ ಇಲ್ಲ. ಅಷ್ಟಕ್ಕ ನನ್ನ ಬಸ್ಸಿನ ಹೊತ್ತಾತು, ನಿಂದರಿಸಿ ಬಂದೆ. ಮುಂದಿನ ಸಲ ಹೋಗಿ ನೋಡತೀನಿ, ಪಡಸಾಲ್ಯಾಗ ಜಮಖಾನಿ ಹಾಸೈತಿ. ಹಸರ ಬಳಿ, ಹಸರ ಖಣ, ಹೂವಿನ ದಂಡಿ, ಬುಟ್ಟಿ ತುಂಬ ಕರ್ಚಿಕಾಯಿ, ಹೋಳಿಗಿ.

"ಯಾರಿಗೆ ಕುಬಸಾ? ಯಾರು ಬಸುರಿ?" ಅಂದೆ.

"ಅಯ್ಯ, ಆ ಹುಡುಗಿಗೆ!" ಅಂದ್ಲು ದೊಡ್ಡವ್ವ. "ತವರಿಲ್ಲದಾಕಿಗೆ ನಾವ ತವರು. ಏಳ ತಿಂಗಳಾಗೈತಿ, ಇನ್ನೂ ಎಂದ ಮಾಡೂದ?"

ಮಣಿ ಮ್ಯಾಲೆ ಪುಸ್ತಕಾ ಇಟ್ಟು, ಅರಿಷಿಣ-ಕುಂಕುಮ ಹಚ್ಚಿ, ಖಣಾ ಹೊಚ್ಚಿ, ಆರತಿ ಮಾಡಿ, ಸೋಬಾನ ಹಾಡಿದ್ರು. ನಾ "ಏ, ಲೈಬ್ರರಿ ಪುಸ್ತಕಾ!" ಅಂತ ಬಡಕೊಂಡೆ. ಯಾರು ಕೇಳತಾರ? ಆವಾಗ ಗ್ವಾಡಿ ಕಡಿಂದ ಒಂದು ಸಪ್ಪಳಾ ಬಂತು. ನಮ್ಮಕ್ಕ ನಗಾಕತ್ತಿದ್ಲು. ಸೆರಗು ಬಾಯಿಗೆ ಹಚ್ಚಿಕೊಂಡು, ಮೈ ಕುಣಿಸಿ ನಗಾಕತ್ತಿದ್ಲು. ಎಷ್ಟೋ ದಿನದ ಮ್ಯಾಲೆ ಅಕಿ ಮಾರಿ ನಮ್ಮ ಕಡೆ ತಿರುಗಿತ್ತು. ನಕ್ಕು ಸಾಕಾದ ಮ್ಯಾಲೆ "ಮುಂದ?" ಅಂದ್ಲು. ನನಗ ಎರಡು ಹಾಳಿ ಸರಿಯಾಗಿ ಓದಾಕನ ಆಗಲಿಲ್ಲ.

ಹೊಳ್ಳಿ ಕೊಡಾಕ ಹೋದಾಗ ಲೈಬ್ರರಿಯಾಂವ ಪುಸ್ತಕದ ಮ್ಯಾಲಿನ ಅರಿಷಿಣ ಕೆರದು ನೋಡಿದ.

"ಇದೇನ್ರಿ ಅಕ್ಕೋರ?"

"ಕುಬಸಾ ಆತ್ರಿ. ಪುಸ್ತಕದ್ದು."

ದಂಡಾ ಹಾಕತಾನ ಅಂತ ಚೀಲದಾಗ ಕೈ ಹಾಕಿದೆ. ಅಂವಾ ಹಾಳಿ ತಿರುವಿ, ಮಾರಿ ಮ್ಯಾಲೆತ್ತಿ, ಅಷ್ಟ ಸಾವಕಾಶ ಕೇಳಿದ:

"ಮತ್ತ ಕೂಸು ಏನಾತ್ರಿ? ಹೆಣ್ಣೋ, ಗಂಡೋ?"

ಮುಂಡರಗಿ ಬೀಗರು

ನಡಕೊಂದು ನನ್ನ ಮಾನಾ ಹೋದ ಸಂಗತಿ ಹೇಳಿಬಿಡತೀನಿ.

ಮಗಳನ್ನ ಮುಂಡರಗಿಗೆ ಕೊಟ್ಟೇವಿ. ಬೀಗರ ಹೊಸಾ ಮನಿ ವಾಸ್ತುಶಾಂತಿ. ನನ್ನ ಚೀಲದಾಗ ಒಂದು ಆನಿ ಸಂಗತಿ ಬರದ ಪುಸ್ತಕ ಇತ್ತು. ಕಾಡಿನ್ಯಾಗ ನೌಕರಿ ಮಾಡಿದವರೊಬ್ಬರು ತಾವು ಸಾಕಿದ ಆನಿ ಬಗ್ಗೆ ಬರದದ್ದು, ಎಲ್ಲಾ ಖರೇದು. ಇನ್ನ ನಾಕು ಹಾಳಿ ಉಳದಿದ್ದೂವು. ಪಂಕ್ತಿಗೆ ಇನ್ನೂ ಹೊತ್ತೈತಿ ಅಂತ ಒಳಗಿನ ಖೋಲ್ಯಾಗ, ಜೋಳದ ಚೀಲದ ಬಾಜೂಕ ಕುಂತು ಓದಾಕ ಹತ್ತಿದೆ. ಆ ಆನಿ ಸಾಯತೈತ್ರಿ. ಸಾಯೂ ಮುಂದ ಸೊಂಡಿಲಿ ಎತ್ತಿ ತನ್ನ ಮಾವುತನ ಹೆಗಲ ಮ್ಯಾಲೆ ಇಡತೈತಿ. ನನಗ ದುಃಖಾ ತಡಕೊಳ್ಳಾಕ ಆಗಲಿಲ್ಲ. ಸೆರಗಿನ್ಯಾಗ ಮಾರಿ ಮುಚ್ಚಿಕೊಂಡು ಅತ್ತೆ.

ಅದ ಹೊತ್ತಿಗೆ ಬೀಗತಿ ಒಳಗ ಬಂದ್ರು. ಬೀಗರು ಮೂಲ್ಯಾಗ ಕುಂತು ಅಳಾಕತ್ತಾರಂದ್ರ ನಮ್ಮ ಕಡೆ ಒಂದ ಅರ್ಥ. ಮರ್ಯಾದ್ಯಾಗ ಏನೋ ಕಮ್ಮಿ ಆಗೈತಿ. ಬೀಗತಿ ಕೈಯಾಗಿನ ತಾಟು ಬಿಟ್ರು.

"ಅಯ್ಯಯ್ಯ, ಏನ್ ತಪ್ಪಾತ್ರಿ ನಮ್ಮ ಕಡಿಂದ?"

"ಏನಿಲ್ರಿ," ಅಂದೆ ಬಿಕ್ಕಿಕೋತ. "ಆನಿ ಸತ್ತೈತಿ ರೀ."

"ಯಾರ ಆನಿ?"

ಅಷ್ಟರಾಗ ಬೀಗರು, ಅವರ ಅಣ್ಣಾ, ಅಣ್ಣನ ಹೆಂಡ್ತಿ ಎಲ್ಲಾ ಬಂದು ಕೂಡಿದ್ರು. ನಾ ಪುಸ್ತಕಾ ತೋರಿಸಿದೆ. ಯಾರೂ ನಂಬಲಿಲ್ಲ. "ದೊಡ್ಡ ಮನಸ್ಸಿನವರು, ನಮ್ಮ ತಪ್ಪು ಮುಚ್ಚಾಕ ಆನಿ ಮ್ಯಾಲೆ ಹಾಕತಾರ," ಅಂದ್ರು ಬೀಗರ ಅಣ್ಣಾ. ಮದ್ಲ ಉಡಿ ತುಂಬಿದ್ರಾಗ ಸಾದಾ ಸೀರಿ ಕೊಟ್ಟಿದ್ರಂತ, ಅದನ್ನ ನೋಡೇ ನಾ ನೊಂದೀನಿ ಅಂತ ತಮ್ಮೊಳಗ ನಿಕ್ಕಿ ಮಾಡ್ಕೊಂಡ್ರು. ನಾ ಬ್ಯಾಡ ಬ್ಯಾಡ ಅಂದಂಗ ಅವರಿಗೆ ಸಂಶೇ ಹೆಚ್ಚಾತು. ಹೊಂಡೂ ಮುಂದ ಒಂದು ಇಳಕಲ್ ರೇಶ್ಮಿ ಸೀರಿ ತಂದು ಉಡ್ಯಾಗ ಹಾಕೇ ಬಿಟ್ರು.

ಬಸ್ಸಿನ್ಯಾಗ ನಾಚಿಕಿಲೇ ಕುಗ್ಗಿ ಕುಂತಿದ್ದೆ. ನಮ್ಮ ಮನಿಯವರು ಸೀರಿ ಸೆರಗು ಹಿಡದು ನೋಡಿ ಅಂದ್ರು:

"ಮುಂದಿನ ಸಲ ಇನ್ನೂ ದಪ್ಪನ್ನ ಪುಸ್ತಕ ಒಯ್ಯಿ."

ಮುದುಕಗ ಜೀವ ಬಂತು

ಈಗ ಖರೇ ತಪ್ಪಿಗೆ ಬರತೀನಿ.

ಮಳಿಗಾಲದಾಗ ಒಂದು ಕಿರುಕಾದಂಬರಿ ಒಯ್ದೆ. ಅವತ್ತು ಬಸ್ಸಿನ್ಯಾಗ ಗದ್ದಲ, ಗದಗದಿಂದನ ನಿಂತು ಹೋದೆ, ಅರ್ಧಾನೂ ಓದಾಕ ಆಗಲಿಲ್ಲ. ಒಬ್ಬ ಹಟಮಾರಿ ಮುದುಕನ ಕತಿ ಅದು. ಛಲೋ ನಗಸೂ ಹಂಗಿತ್ತು. ಅಕ್ಕ ಈಗ ಬಾಗಲದ ಕಡೆನ ಮಾರಿ ಮಾಡಿ ಕುಂಡರತಿದ್ಲು, ನಾ ಚಪ್ಪಲಿ ಬಿಡೂದ್ರಾಗ "ಏನ್ ತಂದೀದಿ?" ಅಂತಿದ್ಲು. ಆದ್ರ ಕಣ್ಣಿನ ಮಾತು ಎತ್ತಿದ್ರ ಮಾತ್ರ ಬಾಯಿ ಮುಚ್ಚಿಕೊಂಡು ಕುಂಡರಾಕಿ.

ಓದಕೋತ ಹೋದೆ. ಕಡೀ ಭಾಗದಾಗ ಮುದುಕನ್ನ ದವಾಖಾನಿಗೆ ಒಯ್ಯತಾರ. ಆಪರೇಶನ್ ಅಂತಾರ. ಮುದುಕ ಅಂಜತಾನ, ಒಲ್ಲೆ ಅಂತಾನ. ಮಕ್ಕಳು ಸಮಾಧಾನ ಮಾಡಿ ಮಂಚದ ಮ್ಯಾಲೆ ಮಲಗಸತಾರ. ಅಕ್ಕ ಮುಂದಕ್ಕ ಬಾಗಿದ್ಲು. ಸೀರಿ ಸೆರಗು ಮುಷ್ಟ್ಯಾಗ ಹಿಡದು ಹಿಂಡಾಕತ್ತಿದ್ಲು. ನಾ ಹಾಳಿ ಹೊಳ್ಳಿಸಿದೆ. ಮದಲನೇ ಸಾಲಿನ್ಯಾಗ ಮುದುಕ ಆಪರೇಶನ್ ಮಂಚದ ಮ್ಯಾಲೇ ಸತ್ತಿದ್ದ.

ಇದನ್ನ ಓದಿದೆ ಅಂದ್ರ ಅಕ್ಕನ ಕಣ್ಣಿನ ಕತಿ ಇಲ್ಲಿಗೇ ಮುಗೀತು. ಇನ್ನ ಈ ಜನ್ಮದಾಗ ಅಕಿ ದವಾಖಾನಿ ಮೆಟ್ಟಲಾ ಹತ್ತೂದಿಲ್ಲ.

"ಮುಂದ?" ಅಂದ್ಲು ಅಕ್ಕ.

ಒಳಗ ಅಕಿ ಸೊಸಿ ಚಾ ಕುದಿಸಾಕತ್ತಿದ್ಲು, ಶುಂಠಿ ವಾಸನಿ ಬರಾಕತ್ತಿತ್ತು. ಬಾಯಿಗೆ ಬಂದದ್ದು ಅಂದುಬಿಟ್ಟೆ: "ಮುದುಕ... ಎದ್ದು ಕುಂತ. ಚಾ ಕೇಳಿದ."

"ಚಾ ಕೇಳಿದ್ನೇನು?"

"ಹೂಂ. ಶುಂಠಿ ಹಾಕಿದ್ದು."

"ಹಂಗಂತ ಬರದಾರೇನು?"

"ಬರದಾರ ನೋಡು ಮತ್ತ."

"ಭಾಳ ಛಲೋ ಬರದಾರ," ಅಂದ್ಲು ಅಕ್ಕ, ಮಾರಿ ಕೆಳಗ ಹಾಕಿ. ದೊಡ್ಡವ್ವ ಮುದುಕ ಬದುಕಿದ್ದಕ್ಕ ಕಾಯಿ ಒಡಿಸಿ ಮಂಗಲಾ ಮಾಡಿದ್ಲು. ನಾ ಬೆವರು ಒರಸಿಕೊಂಡೆ.

ಒಂದು ಸುಳ್ಳು ಹೇಳಿದ್ರ ಅದಕ್ಕ ಬೆಂಬಲ ನಿಂದರಾಕ ಹತ್ತು ಬೇಕಲ್ಲ. ಕಿರುಕಾದಂಬರಿ ಬರಿಯೂ ಮಂದಿಗೆ ಕಡೀ ಹಾಳ್ಯಾಗ ಯಾರನ್ನರೆ ಕೊಲ್ಲಲಿಲ್ಲಂದ್ರ ಪುಸ್ತಕ ಮುಗಿಯೂದಿಲ್ಲಂತ ಕಾಣತೈತಿ. ನಾ ಒಬ್ಬರನ್ನೂ ಸಾಯಗೊಡಲಿಲ್ಲ. ಹಾವು ಕಡದ ಹುಡುಗಿ ಎದ್ದು ಕುಂತು ಚಾ ಕೇಳಿದ್ಲು. ಗುಂಡು ಬಡದ ಸಿಪಾಯಿ ಎದ್ದು ಕುಂತು ಚಾ ಕೇಳಿದ. ಒಂದರಾಗಂತೂ ಒಬ್ಬಾಂವ ಬಾವ್ಯಾಗ ಬಿದ್ದು ದಿನಾ ಕಳದಿದ್ದೂವು, ಅವನ್ನೂ ಬಿಡಲಿಲ್ಲ. ಮ್ಯಾಲ ಬಂದ, ಮೈ ತೋದಿತ್ತಲ್ಲ, ಬಿಸಿಬಿಸಿ ಚಾ ಕೇಳಿದ.

ಅವತ್ತು ದೊಡ್ಡವ್ವ ಭಾಳ ಹೊತ್ತು ವಿಚಾರ ಮಾಡಿ ಕೇಳಿದ್ಲು:

"ತಂಗೀ, ಈ ಕತಿ ಬರದವರದೆಲ್ಲಾ ಚಾದ ಅಂಗಡಿ ಐತೇನು?"

ಬುತ್ತಿ ಇಲ್ಲದ ಸಾಹೇಬ

ಸುಳ್ಳು ಹೇಳಿ ಹೇಳಿ ನನಗೂ ಬ್ಯಾಸರಾತು. ನಡಕ ಒಂದು ಸಲ ಖರೇ ಸಂಗತಿ ಪುಸ್ತಕ ಒಯ್ದೆ. ಯಾವನೋ ಒಬ್ಬ ವಿಲಾಯತಿ ಸಾಹೇಬ ಹಿಮದ ಗುಡ್ಡಾ ಹತ್ತಿ ತುದಿ ಮುಟ್ಟಿ ಬಂದದ್ದು. ಇದರಾಗ ನಾ ಒಂದು ಅಕ್ಷರಾನೂ ಬದಲಿ ಮಾಡೂದಿಲ್ಲಂತ ನಿಕ್ಕಿ ಮಾಡಿದ್ದೆ.

"ಬುತ್ತಿ ಏನ್ ಒಯ್ದಿದ್ದ?" ಅಂದ್ಲು ದೊಡ್ಡವ್ವ.

"ಬಿಸ್ಕೀಟು, ಡಬ್ಬಿ ಒಳಗಿನ ಸಾರು."

"ಥೂ, ಅವನ! ಕಟಗ ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡ್ರ ತಿಂಗಳಾದ್ರೂ ಕೆಡೂದಿಲ್ಲ. ಮನ್ಯಾಗ ಹೇಳೂವರು ಯಾರೂ ಇದ್ದಿಲ್ಲೇನು?"

ಅಂವಾ ಹತ್ತಿದ, ಉಸಿರು ಕಟ್ಟಿತು, ಕಾಲ್ಬೆರಳು ಹಿಮಕ್ಕ ಸತ್ತೂವು. ತುದಿಗೆ ಹೋಗಿ ಒಂದೀಟು ನಿಂತ, ಇಳದು ಬಂದ.

"ಅಲ್ಲೇನಿತ್ತು? ಗುಡಿ?"

"ಏನೂ ಇಲ್ಲ. ಬರೇ ಹಿಮಾ."

"ಏನ್ ತಂದ?"

"ಏನೂ ತರಲಿಲ್ಲ."

ದೊಡ್ಡವ್ವ ಎದ್ದು ಸೀರಿ ಝಾಡಿಸಿಕೊಂಡ್ಲು. "ಆ ಬಸುರಿ ಹುಡ್ಗೀದು ಖರೆ, ಮುದುಕಂದೂ ಖರೆ. ಇದು ಮಾತ್ರ ಯಾರೋ ಕಟ್ಟಿದ್ದ ತಂಗೀ. ಬೆರಳು ಕಳಕೊಂಡು ಬರಿಗೈಲೆ ಬರೂ ಮನಶ್ಯಾ ಎಲ್ಲೆರೆ ಇರತಾನೇನು?"

ಸಕ್ಕರಿ ಇಲ್ಲದ ಚಾ

ದೀಪಾವಳಿಗೆ ಹೋದಾಗ ನಾ ಇನ್ನೂ ಪುಸ್ತಕಾ ತಗದಿದ್ದಿಲ್ಲ, ಅಕ್ಕ ತಾನ ಅಂದ್ಲು, "ಹಬ್ಬಾ ಮುಗೀಲಿ. ಆ ಡಾಕ್ಟರ್‌ಗೆ ಕೇಳು, ಎಂದ ಬರಬೇಕಂತ." ನಾ ಹೂಂ ಅನ್ನಾಕೂ ಅಂಜಿದೆ, ಎಲ್ಲಿ ಮನಸ್ಸು ತಿರುಗಿಸತಾಳೋ ಅಂತ.

ಗದಗದಾಗ ಆಪರೇಶನ್. ಅಕ್ಕನ್ನ ಒಳಗ ಕರಕೊಂಡು ಹೋದ ಮ್ಯಾಲೆ ಹೊರಗ ಬಾಕಿನ ಮ್ಯಾಲೆ ಕುಂತೆ. ಚೀಲದಾಗ ಪುಸ್ತಕ ಇತ್ತು, ತಗೀಲಿಲ್ಲ. ಹಾಳಿ ಹೊಳ್ಳಿಸಿದ್ರ ಆ ಮುದುಕ ಕಂಡಾನು ಅನಿಸಿತು. ಪುಸ್ತಕದಾಗಾದ್ರ ಎಬ್ಬಿಸಬಹುದು. ಇಲ್ಲಿ ಏನರೆ ಆದ್ರ ನಾ ಏನಂತ ಓದಲಿ? ನಾನ ಸುಳ್ಳು ಓದಿ ನಂಬಿಸಿ ಕರಕೊಂಡು ಬಂದಾಕಿ. ಕಂಡ ದೇವರಿಗೆಲ್ಲಾ ಹರಕಿ ಹೊತ್ತೆ.

ಕಣ್ಣಿಗೆ ಪಟ್ಟಿ ಕಟ್ಟಿ ತಂದು ಅಕ್ಕನ್ನ ಮಂಚದ ಮ್ಯಾಲೆ ಮಲಗಿಸಿದ್ರು. "ಛಲೋ ಆಗೈತ್ರಿ," ಅಂದು ಹೋದ್ರು ಡಾಕ್ಟ್ರು. ನಾ ಹತ್ರ ಹೋಗಿ "ಅಕ್ಕಾ," ಅಂದೆ. ಅಕಿ ಮಾತಾಡಲಿಲ್ಲ. ಮತ್ತ "ಅಕ್ಕಾ," ಅಂದೆ. ಅಳು ಬಂದಿತ್ತು.

ಅಕ್ಕ ಎದ್ದು ಕುಂತ್ಲು. ತಲಿಗಿಂಬು ಸರಿ ಮಾಡ್ಕೊಂಡು, ಗಂಟಲಾ ಸರಿ ಮಾಡ್ಕೊಂಡು ಅಂದ್ಲು:

"ಚಾ ತಾ. ಶುಂಠಿ ಹಾಕಿದ್ದು."

ನಾ ಬಾಗಿ ಅಕಿ ಮಾರಿ ನೋಡಿದೆ.

"ಯಾಕ? ಇದ ಅಲ್ಲೇನು ಪದ್ಧತಿ? ಆಪರೇಶನ್ ಆದ ಮ್ಯಾಲೆ ಎದ್ದು ಕುಂತು ಚಾ ಕೇಳಬೇಕು. ಸಕ್ಕರಿ ಹಾಕಿಸಬ್ಯಾಡ ಮತ್ತ, ನನಗ ಬ್ಯಾನಿ ಐತಿ, ಪುಸ್ತಕದಾಗಿನವರಿಗೆ ಇದ್ದಿಲ್ಲ."

"ನಿನಗ... ಗೊತ್ತಿತ್ತೇನು?"

"ಹುಚ್ಚೀ, ಆ ಮುದುಕನ ಕತಿ ನಾ ನಿನ್ನ ಮದವಿಗಿಂತ ಮದ್ಲ ಓದೀನಿ. ಆಪರೇಶನ್ನದಾಗ ಸಾಯತಾನ ಅಂವಾ. ಅವನ ಸಲುವಾಗಿ ಎರಡು ದಿನಾ ಅತ್ತಿದ್ದೆ. ನೀ ಆ ಹಾಳಿ ಹೊಳ್ಳಿಸಿ ಸುಮ್ಮಾದಿ ನೋಡು, ಆವಾಗನ ತಿಳೀತು. ಲೆಕ್ಕದ ಅಕ್ಕೋರು, ಜನ್ಮದಾಗ ಒಂದು ಕತಿ ಕಟ್ಟಿದಾಕಿ ಅಲ್ಲ. ನನ್ನ ಒಂದು ಕಣ್ಣಿನ ಸಲುವಾಗಿ ಸತ್ತವರನ್ನ ಎಬ್ಬಿಸಿ ಕುಂಡರಸಾಕತ್ತಾಳ. ಹಂಗಿದ್ದಾಗ ನಾ ಒಂದೀಟು ಮಂಚದ ಮ್ಯಾಲೆ ಮಲಗಲಾರೆನೇನು ಅನಿಸಿತು."

ನಾ ಅಲ್ಲೇ ಮಂಚದ ಕಟ್ಟಿಗೆ ಕುಂತು ಹೋ ಅಂತ ಅತ್ತೆ. ಬಾಜೂಕಿನ ಮಂಚದವರು ಹೆದರಿದ್ರು. ಅಕ್ಕ ನನ್ನ ತಲಿ ಮ್ಯಾಲೆ ಕೈ ಆಡಿಸಿದ್ಲು.

"ಹಂಗಾರ ದೀಪಾವಳಿ ತನಕಾ ಯಾಕ ಸುಮ್ಮಿದ್ದಿ?" ಅಂದೆ ಮೂಗು ಒರಸಿಕೋತ.

"ನೀ ಇನ್ನೂ ಯಾರ್ಯಾರನ್ನ ಎಬ್ಬಸತೀದಿ ನೋಡೂಣು ಅಂತ. ಆ ಬಾವ್ಯಾಗಿನಾಂವ ಎದ್ದು ಬಂದು ಚಾ ಕೇಳಿದ ದಿನಾ ನಿಕ್ಕಿ ಮಾಡಿದೆ. ಇನ್ನ ತಡಾ ಮಾಡಿದ್ರ ಇಕಿ ಎಲ್ಲಾರ ಗೋರಿನೂ ತಗಸತಾಳ, ಕಣ್ಣು ಮಾಡಿಸ್ಕೊಂಡು ಪುಸ್ತಕಾ ನಾನ ಓದೂದು ಛಲೋ!"

ಸಂಕ್ರಾಂತಿಗೆ ಅಕ್ಕಗ ಚಸ್ಮಾ ಬಂತು. ಒಂದ ಕಣ್ಣಿನ್ಯಾಗ ಓದತಾಳ, ಸಾವಕಾಶ, ಬೆರಳು ಹಚ್ಚಿ. ಈ ಉಗಾದಿಗೆ ನಾ ಹೋದಾಗ ಪಡಸಾಲ್ಯಾಗ ಓಣಿ ಹೆಣ್ಣಮಕ್ಕಳೆಲ್ಲಾ ಕೂಡಿದ್ರು, ಬೇವು-ಬೆಲ್ಲಾ ಆಗಿತ್ತು. ಓದಾಕ ಕುಂತಾಕಿ ಅಕ್ಕ, ಕೇಳಾಕ ಕುಂತಾಕಿ ನಾನು. ಒಬ್ಬ ಮುದುಕಿ ಕತಿ. ಕಡೀ ಭಾಗದಾಗ ಮುದುಕಿ ಹಾಸಿಗಿ ಹಿಡದಿದ್ಲು, ಮಕ್ಕಳು ಸುತ್ತಲೂ ಕುಂತಿದ್ರು. ದೊಡ್ಡವ್ವ ಆಗಲೇ ಸೆರಗು ಕಣ್ಣಿಗೆ ಒಯ್ದಿದ್ಲು.

ಅಕ್ಕ ಹಾಳಿ ಹೊಳ್ಳಿಸಿದ್ಲು. ನಾ ಅಕಿ ಹೆಗಲ ಮ್ಯಾಲಿಂದ ಇಣಿಕಿ ನೋಡಿದೆ. ಮುದುಕಿ ಸತ್ತಿದ್ಲು. ಸ್ವಚ್ಛ ಕಪ್ಪ ಅಕ್ಷರದಾಗ ಬರದಿತ್ತು.

ಅಕ್ಕನ ಬೆರಳು ಆ ಸಾಲಿನ ಮ್ಯಾಲೆ ನಿಂತಿತು. ಚಸ್ಮಾ ಸರಿ ಮಾಡ್ಕೊಂಡ್ಲು. ದೊಡ್ಡವ್ವನ ಕಡೆ ಒಮ್ಮಿ ನೋಡಿದ್ಲು.

"ಮುಂದ?" ಅಂದೆ ನಾ.

"ಮುದುಕಿ ಎದ್ದು ಕುಂತ್ಲು," ಅಂತ ಓದಿದ್ಲು ಅಕ್ಕ.

"ಚಾ ಕೇಳಿದ್ಲೇನು?" ಅಂದ್ಲು ದೊಡ್ಡವ್ವ, ಸೆರಗು ಕೆಳಗ ಬಿಟ್ಟು.

"ಛೇ ಛೇ," ಅಂದ್ಲು ಅಕ್ಕ, ನನ್ನ ಕಡೆ ನೋಡಿ. "ಮಜ್ಜಿಗಿ ಕೇಳಿದ್ಲು."